ಹೃದಯದೊಳಗೊಂದು ಕಳ್ಳದಾರಿ

1928ರ ಏಪ್ರಿಲ್ ತಿಂಗಳು. ಅಮೆರಿಕದ ಬಾಸ್ಟನ್ ನಗರದಲ್ಲಿ ಹೃದಯ ತಜ್ಞರೆಂದು ಹೆಸರಾಗಿದ್ದ ಡಾ. ಪಾಲ್ ಡಡ್ಲಿ ವೈಟ್ ಅವರ ಬಳಿಗೆ ಮೂವತ್ತೈದು ವರ್ಷದ ಶಿಕ್ಷಕರೊಬ್ಬರು ಬಂದರು. ಹೃದ್ರೋಗಿಯೆಂದು ಯಾರೂ ಹೇಳಲಾರದಂಥ ವ್ಯಕ್ತಿ. ಆದರೆ ಆಗಾಗ, ಯಾವ ಮುನ್ಸೂಚನೆಯೂ ಇಲ್ಲದೆ, ಅವರ ಎದೆ ಇದ್ದಕ್ಕಿದ್ದಂತೆ ಓಟ ಕೀಳುತ್ತಿತ್ತು. ಇ.ಸಿ.ಜಿ. ತೆಗೆದಾಗ ಅದರ ಗೆರೆಗಳು ವಿಚಿತ್ರವಾಗಿದ್ದವು. ಇನ್ನೂ ವಿಚಿತ್ರವೆಂದರೆ, ವ್ಯಾಯಾಮ ಮಾಡಿಸಿ ಮತ್ತೆ ತೆಗೆದಾಗ ಆ ಗೆರೆಗಳು ಎಲ್ಲರ ಇ.ಸಿ.ಜಿ.ಯಂತೆ ಸರಿಯಾಗಿಬಿಟ್ಟವು. ಸುಮ್ಮನೆ ಕುಳಿತಾಗ ಕೆಡುವ, ಮೈ ದಣಿಸಿದರೆ ಸರಿಹೋಗುವ ಹೃದಯ! ಇದೆಂಥ ಒಗಟು?

ವೈಟ್, ಅವರ ಕಿರಿಯ ಸಹೋದ್ಯೋಗಿ ಲೂಯಿ ವುಲ್ಫ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ ಸೇರಿ ಇಂಥ 11 ಮಂದಿಯ ವಿವರ ಕಲೆಹಾಕಿ 1930ರಲ್ಲಿ ಪ್ರಕಟಿಸಿದರು. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಈ ತೊಂದರೆಯನ್ನು ಇಂದಿಗೂ ಡಬ್ಲ್ಯು.ಪಿ.ಡಬ್ಲ್ಯು. ಎಂದೇ ಕರೆಯುತ್ತಾರೆ. ಈ ರೋಗಿಗಳಲ್ಲಿ ಬಹುಮಂದಿ ಆರೋಗ್ಯವಂತ ಯುವಜನರೇ ಆಗಿದ್ದುದು ವೈದ್ಯರನ್ನು ಚಕಿತಗೊಳಿಸಿತ್ತು.

ಒಗಟು ಬಿಡಿಸಿ, ಅದಕ್ಕೆ ಸುಲಭದ ಪರಿಹಾರ ಕಂಡುಕೊಳ್ಳಲು ಮತ್ತೆ ಅರವತ್ತು ವರ್ಷ ಬೇಕಾಯಿತು. ಕೂದಲೆಳೆಯಂಥ ಒಂದು ಸ್ನಾಯುವಿನ ಎಳೆ ಇಷ್ಟೆಲ್ಲ ರಂಪಾಟಕ್ಕೆ ಕಾರಣ. ಅದನ್ನು ಪತ್ತೆ ಮಾಡಿ, ಎದೆ ಸೀಳದೆ ಮುಚ್ಚಿಬಿಡುವ ಚಿಕಿತ್ಸೆಯ ಹೆಸರು ಕ್ಯಾಥೆಟರ್ ಅಬ್ಲೇಷನ್. ಇದನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿದಿರಬೇಕಾದ ಕಾರಣವೊಂದಿದೆ. ಈ ತೊಂದರೆ ಅನೇಕ ಸಲ ಶಾಲೆ, ಕಾಲೇಜಿನ ವಯಸ್ಸಿನಲ್ಲೇ ತಲೆದೋರುತ್ತದೆ. ಮನೆಯವರು ಅದನ್ನು ‘ಹೆದರಿಕೆ’ ಎಂದು ಬದಿಗೆ ಸರಿಸಿಬಿಡುತ್ತಾರೆ.

ಹೃದಯಕ್ಕೂ ಒಂದು ವೈರಿಂಗ್

ಹೃದಯ ಒಂದು ಪಂಪು ಎಂದು ಪ್ರೌಢಶಾಲೆಯ ಪಾಠದಲ್ಲಿ ಓದಿದ್ದೀರಿ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಆದರೆ ಗದ್ದೆಯ ಪಂಪ್‌ಸೆಟ್ಟಿಗೆ ಮೋಟಾರು ಎಷ್ಟು ಮುಖ್ಯವೋ ಕರೆಂಟೂ ಅಷ್ಟೇ ಮುಖ್ಯ. ಹೃದಯದ ಕರೆಂಟು ಎಲ್ಲಿಂದ ಬರುತ್ತದೆ?

ಹೊರಗಿನಿಂದ ಬರುವುದಿಲ್ಲ. ಹೃದಯವೇ ಅದನ್ನು ಹುಟ್ಟಿಸಿಕೊಳ್ಳುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಎಸ್.ಎ. ನೋಡ್ ಎಂಬ ವಿಶೇಷ ಜೀವಕೋಶಗಳ ಚಿಕ್ಕ ಗುಂಪೊಂದಿದೆ. ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ 1907ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಫ್ಲಾಕ್ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ಅವನು ಇದನ್ನು ಮೊದಲು ಕಂಡದ್ದು ನೆಲದೊಳಗೆ ಬಿಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ. ನಿಮಿಷಕ್ಕೆ 70 ಸಲ ಎಂದಿಟ್ಟುಕೊಂಡರೂ ಈ ನೋಡ್ ದಿನಕ್ಕೆ ಒಂದು ಲಕ್ಷ ಸಲ ಸಂಕೇತ ಕಳಿಸುತ್ತದೆ.

ಸಂಕೇತ ಮೊದಲು ಹೃತ್ಕರ್ಣಗಳಲ್ಲಿ ಹರಡುತ್ತದೆ. ಅವು ಸಂಕುಚಿಸಿ ರಕ್ತವನ್ನು ಕೆಳಕ್ಕೆ ನೂಕುತ್ತವೆ. ಅಲ್ಲಿಂದ ಸಂಕೇತ ನೇರವಾಗಿ ಕೆಳಗಿಳಿಯಲಾರದು. ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವೆ ವಿದ್ಯುತ್ ಹರಿಯದ ನಾರಿನ ಗೋಡೆಯೊಂದಿದೆ. ಇದನ್ನು ಗದ್ದೆಯ ಬದು ಎಂದುಕೊಳ್ಳಿ. ಈ ಬದುವಿಗೆ ಇರುವುದು ಒಂದೇ ತೂಬು. ಅದೇ ಎ.ವಿ. ನೋಡ್. ಜಪಾನಿನ ಸುನಾವೊ ತವಾರ ಎಂಬ ವಿಜ್ಞಾನಿ ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದಾಗ 1906ರಲ್ಲಿ ಇದನ್ನು ವಿವರಿಸಿದರು. ಈ ತೂಬಿನಲ್ಲಿ ಸಂಕೇತ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತಡೆಯುತ್ತದೆ. ಆನಂತರ ಹಿಸ್ ಕಂತೆ ಎಂಬ ಎಳೆಗಳ ಮೂಲಕ ಕೆಳಗಿಳಿದು ಎರಡು ಹೃತ್ಕುಕ್ಷಿಗಳಿಗೂ ಮಿಂಚಿನಂತೆ ಹರಡುತ್ತದೆ.

ಆ ತಡ ಏಕೆ ಬೇಕು? ಹೃತ್ಕರ್ಣದ ರಕ್ತವೆಲ್ಲ ಕೆಳಗಿನ ಕೋಣೆಗೆ ತುಂಬಿಕೊಳ್ಳಲು ಸಮಯ ಬೇಡವೆ? ಬಕೆಟ್ಟು ತುಂಬುವ ಮೊದಲೇ ಎತ್ತಿ ಸುರಿದರೆ ಏನು ಪ್ರಯೋಜನ? ಅಷ್ಟೇ ಅಲ್ಲ, ಮೇಲಿನಿಂದ ಅತಿ ವೇಗದಲ್ಲಿ ಸಂಕೇತಗಳು ನುಗ್ಗಿ ಬಂದರೆ ಅವೆಲ್ಲವನ್ನೂ ಕೆಳಗೆ ಬಿಡದೆ ಕೆಲವನ್ನು ತಡೆಹಿಡಿಯುವ ಕಾವಲುಗಾರನೂ ಈ ಎ.ವಿ. ನೋಡೇ.

ಬದುವಿನಲ್ಲೊಂದು ಏಡಿಬಿಲ

ಗದ್ದೆಯ ಬದುವನ್ನು ಎಷ್ಟೇ ಭದ್ರವಾಗಿ ಕಟ್ಟಿದರೂ ಏಡಿ ಬಿಲ ಕೊರೆದರೆ ನೀರು ತೂಬನ್ನು ಬಿಟ್ಟು ಅಲ್ಲಿಂದಲೂ ಹರಿಯುತ್ತದೆ ಎಂಬುದು ರೈತರ ಮಕ್ಕಳಿಗೆಲ್ಲ ಗೊತ್ತು. ಹೃದಯದಲ್ಲೂ ಇಂಥ ಬಿಲ ಇರಬಹುದು.

ಮಗು ತಾಯಿಯ ಗರ್ಭದಲ್ಲಿ ಬೆಳೆಯುವಾಗ ಮೊದಮೊದಲು ಮೇಲಿನ ಕೋಣೆ ಕೆಳಗಿನ ಕೋಣೆಗಳ ಸ್ನಾಯು ಒಂದಕ್ಕೊಂದು ಕೂಡಿಕೊಂಡೇ ಇರುತ್ತದೆ. ಕ್ರಮೇಣ ನಾರಿನ ಗೋಡೆ ಬೆಳೆದು ಎರಡನ್ನೂ ಬೇರ್ಪಡಿಸುತ್ತದೆ. ಕೆಲವರಲ್ಲಿ ಮಾತ್ರ ಸ್ನಾಯುವಿನ ಒಂದೆರಡು ಎಳೆಗಳು ಗೋಡೆಯನ್ನು ದಾಟಿ ಹಾಗೇ ಉಳಿದುಬಿಡುತ್ತವೆ. ಹುಟ್ಟುವಾಗಲೇ ಬಂದ ಈ ಎಳೆಯೇ ನಮ್ಮ ಕಳ್ಳದಾರಿ. ಸಾವಿರ ಜನರಲ್ಲಿ ಒಬ್ಬರಿಂದ ಮೂವರಿಗೆ ಇದರ ಗುರುತು ಇ.ಸಿ.ಜಿ.ಯಲ್ಲಿ ಕಾಣುತ್ತದೆ. ಅವರಲ್ಲಿ ಎಷ್ಟೋ ಮಂದಿಗೆ ಜೀವಮಾನವೆಲ್ಲ ಯಾವ ತೊಂದರೆಯೂ ಆಗುವುದಿಲ್ಲ.

ಎ.ವಿ. ನೋಡಿನಲ್ಲಿ ಇರುವ ತಡ ಈ ಕಳ್ಳದಾರಿಯಲ್ಲಿ ಇಲ್ಲ. ಹೀಗಾಗಿ ಹೃತ್ಕುಕ್ಷಿಯ ಒಂದು ಮೂಲೆ ಉಳಿದ ಭಾಗಕ್ಕಿಂತ ಮೊದಲೇ ಪ್ರಚೋದನೆಗೊಳ್ಳುತ್ತದೆ. ಇ.ಸಿ.ಜಿ.ಯಲ್ಲಿ ಕಡಿದಾಗಿ ಏರಬೇಕಾದ ಗೆರೆ ಆರಂಭದಲ್ಲಿ ಇಳಿಜಾರಾಗಿ ಏರುತ್ತದೆ. ಇದಕ್ಕೆ ಡೆಲ್ಟಾ ಅಲೆ ಎಂದು ಹೆಸರು.

ಬಾಸ್ಟನ್ನಿನ ಶಿಕ್ಷಕರ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ವ್ಯಾಯಾಮ ಮಾಡುವಾಗ ಎ.ವಿ. ನೋಡ್ ಚುರುಕಾಗಿ ಸಂಕೇತವನ್ನು ಬೇಗ ಬೇಗ ಸಾಗಿಸುತ್ತದೆ. ಆಗ ಹೃತ್ಕುಕ್ಷಿಯ ಹೆಚ್ಚಿನ ಭಾಗ ರಾಜಮಾರ್ಗದ ಮೂಲಕವೇ ಪ್ರಚೋದನೆ ಪಡೆಯುತ್ತದೆ. ಕಳ್ಳದಾರಿಯ ಗುರುತು ಇ.ಸಿ.ಜಿ.ಯಿಂದ ಅಳಿಸಿಹೋಗುತ್ತದೆ. ದಾರಿ ಮಾತ್ರ ಇದ್ದಲ್ಲೇ ಇರುತ್ತದೆ.

ಸುತ್ತು ಹೊಡೆಯುವ ಸಂಕೇತ

ದಾರಿ ಎರಡಾದರೆ ಹೃದಯ ಓಟ ಕೀಳುವುದೇಕೆ?

ಹೃದಯದ ಸ್ನಾಯುವಿಗೆ ಒಂದು ಗುಣವಿದೆ. ಒಮ್ಮೆ ಸಂಕೇತ ಹಾದುಹೋದ ಮೇಲೆ ಕ್ಷಣಕಾಲ ಅದು ವಿಶ್ರಾಂತಿಯಲ್ಲಿರುತ್ತದೆ. ಆಗ ಇನ್ನೊಂದು ಸಂಕೇತವನ್ನು ಒಯ್ಯುವುದಿಲ್ಲ. ಎಲ್ಲರ ಹೃದಯದಲ್ಲೂ ಆಗೊಮ್ಮೆ ಈಗೊಮ್ಮೆ ಅಕಾಲದ ಬಡಿತವೊಂದು ಬರುತ್ತದೆ. ಕಳ್ಳದಾರಿ ಇರುವವರಲ್ಲಿ ಅಂಥ ಬಡಿತ ಮೇಲಿನ ಕೋಣೆಯಲ್ಲಿ ಹುಟ್ಟಿತು ಎನ್ನೋಣ. ಕಳ್ಳದಾರಿ ಇನ್ನೂ ವಿಶ್ರಾಂತಿಯಲ್ಲಿದೆ. ಸಂಕೇತ ಎ.ವಿ. ನೋಡಿನ ಮೂಲಕ ನಿಧಾನವಾಗಿ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಕಳ್ಳದಾರಿ ಎಚ್ಚೆತ್ತಿರುತ್ತದೆ. ಸಂಕೇತ ಅದರ ಮೂಲಕ ಕೆಳಗಿನಿಂದ ಮೇಲಕ್ಕೆ ಹತ್ತಿಬಿಡುತ್ತದೆ. ಮೇಲೆ ಬಂದದ್ದು ಮತ್ತೆ ನೋಡಿನ ಮೂಲಕ ಕೆಳಕ್ಕೆ, ಮತ್ತೆ ಕಳ್ಳದಾರಿಯಿಂದ ಮೇಲಕ್ಕೆ! ಗಾಣದ ಎತ್ತಿನಂತೆ ಸುತ್ತು ಶುರುವಾಯಿತು. ಒಂದೊಂದು ಸುತ್ತಿಗೆ ಹೃದಯ ಒಂದೊಂದು ಸಲ ಬಡಿಯುತ್ತದೆ. ನಿಮಿಷಕ್ಕೆ 150ರಿಂದ 250 ಸಲ. ಎಸ್.ಎ. ನೋಡಿನ ಯಜಮಾನಿಕೆ ಅಲ್ಲಿಗೆ ಮುಗಿಯಿತು. ಈ ಸುತ್ತು ಕೆಲವು ನಿಮಿಷವಿರಬಹುದು, ಕೆಲವು ಗಂಟೆಯೂ ಇರಬಹುದು.

ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಮುಖ್ಯನಾದವನು ಜಾರ್ಜ್ ರಾಲ್ಫ್ ಮೈನ್ಸ್ ಎಂಬ ಬ್ರಿಟಿಷ್ ತರುಣ. ಪ್ರಾಣಿಗಳ ಹೃದಯದಿಂದ ಉಂಗುರದಂತೆ ಕತ್ತರಿಸಿದ ಸ್ನಾಯುವಿನಲ್ಲಿ ಸಂಕೇತವೊಂದು ಸುತ್ತುತ್ತಲೇ ಇರುವುದನ್ನು ಅವನು 1913ರಲ್ಲಿ ವಿವರಿಸಿದ. ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಸುತ್ತು ನಿಂತುಹೋಗುತ್ತಿತ್ತು. ಮನುಷ್ಯರ ಹೃದಯದಲ್ಲೂ ಹೀಗಾಗಬಹುದೆಂದು ಅವನು ಊಹಿಸಿದ. 1914ರಲ್ಲಿ, 28ನೆಯ ವಯಸ್ಸಿನಲ್ಲೇ ತೀರಿಕೊಂಡ. ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಅವನು ಕಂಡ ಈ ಒಂದೇ ಸತ್ಯದ ಮೇಲೆ: ಸುತ್ತು ಎಷ್ಟೇ ವೇಗವಾಗಿರಲಿ, ಉಂಗುರ ಒಂದು ಕಡೆ ತುಂಡಾದರೆ ಸಾಕು.

ಎರಡು ಮಾತು ಇಲ್ಲಿ ಸೇರಿಸಬೇಕು. ಕೆಲವರಲ್ಲಿ ಕಳ್ಳದಾರಿ ಕೆಳಗಿನಿಂದ ಮೇಲಕ್ಕೆ ಮಾತ್ರ ಸಂಕೇತ ಬಿಡುತ್ತದೆ. ಇವರಿಗೆ ಡೆಲ್ಟಾ ಅಲೆ ಇರುವುದಿಲ್ಲ. ಓಟವಿಲ್ಲದ ಹೊತ್ತಿನ ಇ.ಸಿ.ಜಿ. ಸಂಪೂರ್ಣ ಸರಿಯಾಗಿರುತ್ತದೆ. ಇನ್ನು ಕೆಲವರಲ್ಲಿ ಎ.ವಿ. ನೋಡಿನ ಬಳಿಯಲ್ಲೇ ವೇಗದ್ದೊಂದು, ನಿಧಾನದ್ದೊಂದು, ಹೀಗೆ ಎರಡು ದಾರಿಗಳಿದ್ದು, ಸುತ್ತು ಅಲ್ಲೇ ಹುಟ್ಟುತ್ತದೆ. ಈ ಬಗೆಯೇ ಹೆಚ್ಚು ಸಾಮಾನ್ಯ.

ಈ ಓಟದಿಂದ ಪ್ರಾಣಾಪಾಯ ಬಹಳ ಅಪರೂಪ. ಆದರೆ ಇಲ್ಲವೆನ್ನುವಂತಿಲ್ಲ. ಡಬ್ಲ್ಯು.ಪಿ.ಡಬ್ಲ್ಯು. ಇರುವವರಿಗೆ ಮೇಲಿನ ಕೋಣೆಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ತೊಂದರೆಯೂ ಜತೆಗೂಡಿದರೆ, ಕಾವಲುಗಾರನಿಲ್ಲದ ಕಳ್ಳದಾರಿಯಿಂದ ಆ ಸಂಕೇತಗಳು ಕೆಳಕ್ಕೆ ನುಗ್ಗಿ ಹೃದಯವೇ ಸ್ತಬ್ಧವಾಗಬಹುದು. ಆದ್ದರಿಂದಲೇ ಇದನ್ನು ಅಲಕ್ಷಿಸಬಾರದು.

‘ಪರೀಕ್ಷೆ ಭಯ ಸಾರ್, ಅಷ್ಟೇ’

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಚುರುಕಾದ ಹುಡುಗಿಯೊಬ್ಬಳಿದ್ದಳು. ತಿಂಗಳಿಗೆ ಒಂದೆರಡು ಸಲ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಒರಗಿಬಿಡುತ್ತಿದ್ದಳು. ಮುಖ ಬಿಳಿಚಿಕೊಳ್ಳುತ್ತಿತ್ತು. ಕಾಲು ಗಂಟೆಯಲ್ಲಿ ಸರಿಹೋಗಿ ಮತ್ತೆ ಲೆಕ್ಕ ಮಾಡುತ್ತಾ ಕೂರುತ್ತಿದ್ದಳು. ವಿಚಾರಿಸಿದರೆ ತಾಯಿ, “ಪರೀಕ್ಷೆ ಭಯ ಸಾರ್, ಅಷ್ಟೇ. ಮನೇಲೂ ಹಿಂಗೇ ಮಾಡ್ತಾಳೆ” ಎಂದರು. ಅಜ್ಜಿ ದೃಷ್ಟಿ ತೆಗೆದಿದ್ದರು. ಒಮ್ಮೆ ವೈದ್ಯರಲ್ಲಿಗೂ ಹೋಗಿ ಬಂದಿದ್ದರು. ಅಷ್ಟು ಹೊತ್ತಿಗೆ ಓಟ ನಿಂತಿತ್ತು, ಇ.ಸಿ.ಜಿ. ಸರಿಯಾಗಿತ್ತು, ವಿಟಮಿನ್ ಮಾತ್ರೆ ಸಿಕ್ಕಿತ್ತು.

ಒಂದು ದಿನ ನನ್ನ ತರಗತಿಯಲ್ಲೇ ಹಾಗಾಯಿತು. ಕೈಗಡಿಯಾರ ನೋಡುತ್ತಾ ನಾಡಿ ಹಿಡಿದೆ. ಎಣಿಸುವುದೇ ಕಷ್ಟವಾಗುವಷ್ಟು ವೇಗ. ಹದಿನೈದು ಸೆಕೆಂಡಿಗೆ ಐವತ್ತರ ಮೇಲಾಯಿತು. ಕುಳಿತಿದ್ದ ಮಗುವಿಗೆ ನಿಮಿಷಕ್ಕೆ ಇನ್ನೂರು! ಸಹೋದ್ಯೋಗಿಯೊಬ್ಬರ ಜತೆ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಓಟ ನಡೆಯುತ್ತಿರುವಾಗಲೇ ಇ.ಸಿ.ಜಿ. ಕಾಗದದ ಮೇಲೆ ಮೂಡಿತು. ಅಲ್ಲಿಯ ವೈದ್ಯರು ಅದನ್ನು ನೋಡಿ ಬೆಂಗಳೂರಿಗೆ ಚೀಟಿ ಬರೆದರು.

ಆ ವಾರ ತಂದೆ ನನ್ನಲ್ಲಿಗೆ ಬಂದರು. “ಮೇಷ್ಟ್ರೇ, ಹಾರ್ಟಿಗೆ ಕರೆಂಟ್ ಕೊಟ್ಟು ಸುಡ್ತಾರಂತೆ. ಹೆಣ್ಣುಮಗು. ನಾಳೆ ಹಾರ್ಟ್ ಆಪರೇಷನ್ ಆಗಿರೋ ಹುಡುಗಿ ಅಂತ ಹೆಸರು ಬಂದ್ರೆ ಯಾರು ಮದುವೆ ಆಗ್ತಾರೆ?” ಎಂದು ಕೇಳಿದರು. ಕಪ್ಪುಹಲಗೆಯ ಮೇಲೆ ಬದು, ತೂಬು, ಏಡಿಬಿಲ ಬರೆದು ತೋರಿಸಿದೆ. ರೈತರು, ಚಿತ್ರ ತಕ್ಷಣ ಅರ್ಥವಾಯಿತು. “ಬಿಲ ಮುಚ್ಚೋದು ಅನ್ನಿ” ಎಂದು ಎದ್ದರು. ಚಿಕಿತ್ಸೆ ಮುಗಿಸಿಕೊಂಡು ಬಂದ ಹುಡುಗಿ ವಾರದೊಳಗೆ ಶಾಲೆಯಲ್ಲಿದ್ದಳು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ ಓಟದ 107 ರೋಗಿಗಳನ್ನು ಪರಿಶೀಲಿಸಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮೊದಲ ತಪಾಸಣೆಯಲ್ಲಿ ತೊಂದರೆ ಪತ್ತೆಯಾಗಿರಲಿಲ್ಲ. ಮನಸ್ಸಿನ ಗಾಬರಿ, ಒತ್ತಡ ಎಂಬ ಹಣೆಪಟ್ಟಿ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚಾಗಿ ಅಂಟಿತ್ತು.

ಎದೆ ಸೀಳುವ ಕಾಲದಿಂದ

ಕಳ್ಳದಾರಿಯನ್ನು ಕಡಿದರೆ ಕಾಯಿಲೆ ಗುಣವಾಗಬೇಕೆಂಬುದು ತರ್ಕ. ಅದನ್ನು ಕಾರ್ಯದಲ್ಲಿ ತೋರಿಸಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ವಿಲ್ ಸೀಲಿ ಮತ್ತು ಅವರ ತಂಡ. 1968ರ ಮೇ 2ರಂದು ನಾರ್ತ್ ಕೆರೊಲಿನಾದ ಮೀನುಗಾರನೊಬ್ಬನ ಎದೆ ತೆರೆದು, ಹೃದಯದ ಮೇಲೆ ವಿದ್ಯುತ್ ಅಳೆಯುವ ಕಡ್ಡಿಯನ್ನು ಆಡಿಸಿ, ಸಂಕೇತ ಮೊದಲು ತಲುಪುವ ಜಾಗ ಗುರುತಿಸಿ ಅಲ್ಲಿ ಕತ್ತರಿಸಿದರು. ಡೆಲ್ಟಾ ಅಲೆ ಮಾಯವಾಯಿತು. ಅವನ ಹೃದಯದ ಓಟ ನಿಂತಿತು. ತರ್ಕ ಗೆದ್ದಿತು. ಆದರೆ ಕೂದಲೆಳೆಯಷ್ಟು ಸ್ನಾಯುವಿಗಾಗಿ ಇಡೀ ಎದೆಯನ್ನು ತೆರೆಯಬೇಕಾಗಿತ್ತು.

ಎದೆ ತೆರೆಯದೆ ಹೃದಯ ತಲುಪುವ ದಾರಿ ಆ ವೇಳೆಗಾಗಲೇ ಗೊತ್ತಿತ್ತು. 1929ರಲ್ಲಿ ಜರ್ಮನಿಯ ಕಿರಿಯ ವೈದ್ಯ ವರ್ನರ್ ಫಾರ್ಸ್‌ಮನ್ ತನ್ನ ತೋಳಿನ ರಕ್ತನಾಳದೊಳಕ್ಕೆ ತಾನೇ ತೆಳುವಾದ ನಳಿಕೆ ತೂರಿಸಿ, ಎಕ್ಸ್-ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ಮುಟ್ಟಿರುವುದನ್ನು ಚಿತ್ರ ತೆಗೆಸಿ ತೋರಿಸಿದ್ದ. ಆಗ ಬೈಗುಳ ತಿಂದವನಿಗೆ 1956ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ನಳಿಕೆಯೇ ಕ್ಯಾಥೆಟರ್. ಅದರ ತುದಿಗೆ ಲೋಹದ ಉಂಗುರಗಳನ್ನಿಟ್ಟು ಹೃದಯದ ಒಳಗಿನ ವಿದ್ಯುತ್ತನ್ನು ಓದುವ ವಿದ್ಯೆ 1960ರ ದಶಕದ ಕೊನೆಗೆ ಕೈವಶವಾಯಿತು.

ಓದುವ ಕ್ಯಾಥೆಟರಿನಿಂದ ಸುಡಬಹುದೆಂದು ತಿಳಿದದ್ದು ಆಕಸ್ಮಿಕ. ಪ್ಯಾರಿಸ್ಸಿನಲ್ಲಿ ರೋಗಿಯೊಬ್ಬರಿಗೆ ಹೊರಗಿನಿಂದ ಶಾಕ್ ಕೊಡುವಾಗ ಅದರ ವಿದ್ಯುತ್ ಒಳಗಿದ್ದ ಕ್ಯಾಥೆಟರಿನ ಮೂಲಕ ಹರಿದು ಎ.ವಿ. ನೋಡಿನ ದಾರಿಯೇ ಮುಚ್ಚಿಹೋಯಿತು. 1979ರಲ್ಲಿ ಈ ವರದಿ ಪ್ರಕಟವಾಯಿತು. ಅಪಘಾತದಲ್ಲಿ ಆದದ್ದನ್ನು ಬೇಕೆಂದೇ ಮಾಡಿದರೆ? 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್, ಔಷಧಿಗೆ ಬಗ್ಗದ ಓಟವಿದ್ದ ರೋಗಿಯಲ್ಲಿ ಕ್ಯಾಥೆಟರಿನ ಮೂಲಕ ಶಾಕ್ ಕೊಟ್ಟು ಎ.ವಿ. ನೋಡಿನ ದಾರಿ ಮುಚ್ಚಿ, ಪೇಸ್‌ಮೇಕರ್ ಅಳವಡಿಸಿದರು. ಆದರೆ ಈ ಶಾಕ್ ಹೃದಯದೊಳಗೆ ಪಟಾಕಿ ಸಿಡಿಸಿದಂತೆ. ಎಲ್ಲಿಯವರೆಗೆ ಸುಡುತ್ತದೆಂಬ ಹಿಡಿತವಿರಲಿಲ್ಲ.

ರೇಡಿಯೋ ಕಂಪನದ ಕಾವು

ಹಿಡಿತ ತಂದುಕೊಟ್ಟದ್ದು ರೇಡಿಯೋ ಕಂಪನಾಂಕದ ವಿದ್ಯುತ್. ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು.

ನಮ್ಮ ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಅದು ತಾಗಿದರೆ ಸ್ನಾಯು ಸೆಟೆದುಕೊಳ್ಳುತ್ತದೆ, ಹೃದಯ ನಿಲ್ಲಬಹುದು. ಅಬ್ಲೇಷನ್‌ನಲ್ಲಿ ಬಳಸುವ ವಿದ್ಯುತ್ ಸೆಕೆಂಡಿಗೆ ಸುಮಾರು 5 ಲಕ್ಷ ಸಲ, ಅಂದರೆ 500 ಕಿಲೋಹರ್ಟ್ಸ್ ವೇಗದಲ್ಲಿ ಹಿಂದುಮುಂದಾಗುತ್ತದೆ. ಆಕಾಶವಾಣಿ ಬೆಂಗಳೂರು ಕೇಂದ್ರವನ್ನು 612 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರಿಗೆ ಇದು ಯಾವ ನೆರೆಹೊರೆಯ ಕಂಪನವೆಂದು ಗೊತ್ತಾಗುತ್ತದೆ. ಇಷ್ಟು ವೇಗದ ಹೊಯ್ದಾಟಕ್ಕೆ ಸ್ನಾಯುವಿನ ಜೀವಕೋಶ ಪ್ರತಿಕ್ರಿಯಿಸುವುದಕ್ಕೇ ಪುರಸೊತ್ತಿರುವುದಿಲ್ಲ. ಆದ್ದರಿಂದ ಶಾಕ್ ಹೊಡೆಯುವುದಿಲ್ಲ, ಬಿಸಿಯಷ್ಟೇ ಆಗುತ್ತದೆ.

ವಿದ್ಯುತ್ ಕ್ಯಾಥೆಟರಿನ ತುದಿಯಿಂದ ಹೊರಟು ರೋಗಿಯ ಬೆನ್ನಿಗೋ ತೊಡೆಗೋ ಅಂಟಿಸಿದ ಅಗಲವಾದ ಪಟ್ಟಿಯಲ್ಲಿ ಹೊರಬೀಳುತ್ತದೆ. ಎರಡು ಕಡೆಯೂ ಹರಿಯುವುದು ಅದೇ ವಿದ್ಯುತ್. ಹಾಗಾದರೆ ಬೆನ್ನು ಏಕೆ ಸುಡುವುದಿಲ್ಲ? ತುದಿಯ ಲೋಹ ನಾಲ್ಕು ಮಿಲಿಮೀಟರಿನಷ್ಟು ಚಿಕ್ಕದು. ಅಲ್ಲಿ ವಿದ್ಯುತ್ ಒತ್ತಾಗಿ ಹರಿಯುತ್ತದೆ. ಪಟ್ಟಿಯಲ್ಲಿ ಅದು ಚದುರಿಹೋಗುತ್ತದೆ. ವಿದ್ಯುತ್ತಿನ ಒತ್ತಣೆ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಹುಟ್ಟುವ ಶಾಖ ಆ ಒತ್ತಣೆಯ ವರ್ಗವನ್ನು ಅನುಸರಿಸುತ್ತದೆ. ಅಂದರೆ ದೂರ ಎರಡರಷ್ಟಾದರೆ ಶಾಖ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುಟ್ಟ ಜಾಗ ತೊಗರಿಕಾಳಿನಷ್ಟಕ್ಕೇ ನಿಲ್ಲುವುದರ ಗುಟ್ಟು ಇದು.

ಬೇಕಾದ ಕಾವೂ ಹೆಚ್ಚಲ್ಲ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೃದಯ ಸ್ನಾಯುವಿನ ಕೋಶಗಳು ಸಾಯುತ್ತವೆ. ನೂರು ಡಿಗ್ರಿ ಮುಟ್ಟಿದರೆ ರಕ್ತ ಕರಿಕಟ್ಟುತ್ತದೆ. ಈ ಎರಡರ ನಡುವೆ ಹದವಾಗಿ ನಿಲ್ಲಿಸಲು ಕ್ಯಾಥೆಟರಿನ ತುದಿಯಲ್ಲೇ ಉಷ್ಣತೆ ಅಳೆಯುವ ಸಾಧನವಿರುತ್ತದೆ. ಸಾಮಾನ್ಯವಾಗಿ 30ರಿಂದ 50 ವ್ಯಾಟ್, ಒಂದು ನಿಮಿಷದ ಆಸುಪಾಸು. ಸತ್ತ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಲೆಯ ಮೂಲಕ ವಿದ್ಯುತ್ ಹರಿಯುವುದಿಲ್ಲ.

1980ರ ದಶಕದ ಉತ್ತರಾರ್ಧದಲ್ಲಿ ಈ ವಿಧಾನ ಪ್ರಾಣಿಗಳಲ್ಲೂ ಮನುಷ್ಯರಲ್ಲೂ ಪರೀಕ್ಷೆಗೊಂಡಿತು. 1991ರಲ್ಲಿ ಅಮೆರಿಕದ ಒಕ್ಲಹೋಮಾದ ವಾರೆನ್ ಜಾಕ್‌ಮನ್ ತಂಡ ಕಳ್ಳದಾರಿ ಇದ್ದ 166 ರೋಗಿಗಳ ಫಲಿತಾಂಶ ಪ್ರಕಟಿಸಿತು. 164 ಮಂದಿಯಲ್ಲಿ ದಾರಿ ಮುಚ್ಚಿತ್ತು. ಅಲ್ಲಿಂದಾಚೆಗೆ ಈ ತೊಂದರೆಗಾಗಿ ಎದೆ ತೆರೆಯುವುದು ಬಹುಮಟ್ಟಿಗೆ ನಿಂತೇಹೋಯಿತು.

ಮೇಜಿನ ಮೇಲೆ ಏನಾಗುತ್ತದೆ?

ತೊಡೆಸಂದಿಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಲಿಯ ರಕ್ತನಾಳದ ಮೂಲಕ ಎರಡು ಮಿಲಿಮೀಟರ್ ದಪ್ಪದ ಎರಡು ಮೂರು ಕ್ಯಾಥೆಟರುಗಳನ್ನು ಹೃದಯಕ್ಕೆ ಕಳಿಸುತ್ತಾರೆ. ಚಿಕ್ಕ ಮಕ್ಕಳಾದರೆ ಪೂರ್ತಿ ಅರಿವಳಿಕೆ ಕೊಡುವುದುಂಟು. ಎಕ್ಸ್-ರೇ ಪರದೆಯ ಮೇಲೆ, ಅಥವಾ ಕಂಪ್ಯೂಟರ್ ಬರೆದುಕೊಡುವ ಹೃದಯದ ನಕ್ಷೆಯ ಮೇಲೆ, ಅವು ಎಲ್ಲಿವೆಯೆಂದು ಕಾಣುತ್ತದೆ.

ಮುಂದಿನದು ಪತ್ತೇದಾರಿಕೆ. ಕ್ಯಾಥೆಟರಿನಿಂದ ಪುಟ್ಟ ವಿದ್ಯುತ್ ಮಿಡಿತಗಳನ್ನು ಕೊಟ್ಟು ವೈದ್ಯರು ಬೇಕೆಂದೇ ಓಟವನ್ನು ಹುಟ್ಟಿಸುತ್ತಾರೆ. ಕಳ್ಳ ಓಡಾಡಿದರೆ ತಾನೆ ಅವನ ದಾರಿ ಗೊತ್ತಾಗುವುದು! ಕ್ಯಾಥೆಟರನ್ನು ಬದುವಿನ ಉದ್ದಕ್ಕೂ ಸರಿಸುತ್ತಾ, ಸಂಕೇತ ಎಲ್ಲಿ ಎಲ್ಲಕ್ಕಿಂತ ಮೊದಲು ದಾಟುತ್ತದೆಂದು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಅಳೆಯುತ್ತಾರೆ. ಹೆಚ್ಚು ಸಮಯ ಹಿಡಿಯುವುದು ಈ ಹುಡುಕಾಟಕ್ಕೇ. ಜಾಗ ಸಿಕ್ಕಿ ಕಾವು ಕೊಟ್ಟರೆ ಹಲವು ಸಲ ಕೆಲವೇ ಸೆಕೆಂಡುಗಳಲ್ಲಿ ಡೆಲ್ಟಾ ಅಲೆ ಪರದೆಯಿಂದ ಮರೆಯಾಗುತ್ತದೆ. ಮತ್ತೆ ಓಟ ಹುಟ್ಟಿಸಲು ನೋಡುತ್ತಾರೆ. ಹುಟ್ಟದಿದ್ದರೆ ಕೆಲಸ ಮುಗಿಯಿತು. ಕಾಲು ನೆಟ್ಟಗಿಟ್ಟುಕೊಂಡು ಕೆಲವು ಗಂಟೆ ಮಲಗಿ, ಹೆಚ್ಚಿನವರು ಮರುದಿನ ಮನೆಗೆ ಹೋಗುತ್ತಾರೆ. ಎದೆಯ ಮೇಲೆ ಗಾಯದ ಗುರುತೇ ಇರುವುದಿಲ್ಲ.

ಕಳ್ಳದಾರಿ ಎ.ವಿ. ನೋಡಿಗೆ ಅಂಟಿಕೊಂಡಂತಿದ್ದರೆ ಸುಡುವ ಬದಲು ಹೆಪ್ಪುಗಟ್ಟಿಸುವ ಕ್ಯಾಥೆಟರ್ ಬಳಸುವುದುಂಟು. ಸೊನ್ನೆಗಿಂತ 30 ಡಿಗ್ರಿ ಕೆಳಗೆ ತಂಪು ಮಾಡಿ ನೋಡಿ, ನೋಡಿಗೆ ತೊಂದರೆಯಾಗುವ ಸೂಚನೆ ಕಂಡರೆ ಬಿಟ್ಟುಬಿಡಬಹುದು. ಆ ಕೋಶಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ಸುರಕ್ಷಿತವೆನಿಸಿದರೆ 70 ಡಿಗ್ರಿಯವರೆಗೆ ಇಳಿಸಿ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತಾರೆ.

ಅಪಾಯವೇ ಇಲ್ಲವೆ?

ಇದೆ. ತಂದೆತಾಯಿಗಳು ಇದನ್ನು ಕೇಳಿ ತಿಳಿದುಕೊಳ್ಳಲೇಬೇಕು. ಇಂಥ ದಾರಿಗಳ ಅಬ್ಲೇಷನ್ ನೂರರಲ್ಲಿ ಸುಮಾರು 95 ಮಂದಿಗೆ ಯಶಸ್ವಿಯಾಗುತ್ತದೆ. ಕೆಲವರಲ್ಲಿ ದಾರಿ ಮತ್ತೆ ತೆರೆದುಕೊಂಡು ಎರಡನೆಯ ಸಲ ಮಾಡಬೇಕಾಗುತ್ತದೆ. ತೊಡೆಯಲ್ಲಿ ರಕ್ತ ಕಟ್ಟುವುದು ಸಣ್ಣ ತೊಂದರೆ. ಹೃದಯದ ಗೋಡೆಗೆ ತೂತಾಗುವುದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿಯುವುದು, ಎ.ವಿ. ನೋಡಿಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವುದು ಗಂಭೀರವಾದವು. ಇವು ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದು. ದಾರಿ ಎಲ್ಲಿದೆ ಎಂಬುದರ ಮೇಲೆ ಅಪಾಯ ಹೆಚ್ಚು ಕಡಿಮೆಯಾಗುತ್ತದೆ. ಅಪರೂಪಕ್ಕೆ ಬಂದು ತಾನೇ ನಿಲ್ಲುವ ಓಟಕ್ಕೆ ಔಷಧಿ ಸಾಕೆಂದು, ಅಥವಾ ಏನೂ ಬೇಡವೆಂದು ವೈದ್ಯರು ಹೇಳಬಹುದು. ಪುಟ್ಟ ಮಕ್ಕಳಾದರೆ ಬೆಳೆಯುವವರೆಗೆ ಕಾಯೋಣ ಎನ್ನಬಹುದು. ಅದೂ ಚಿಕಿತ್ಸೆಯ ಭಾಗವೇ.

ಈ ಚಿಕಿತ್ಸೆ ನಮ್ಮ ರಾಜ್ಯದಲ್ಲೇ ಸಿಗುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೂ ಇದನ್ನು ಮಾಡುತ್ತದೆ. ಖರ್ಚಿನ ಬಗ್ಗೆ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ವಿಚಾರಿಸಬಹುದು. ಇನ್ನು ಮದುವೆಯ ಮಾತು. ದಾರಿ ಮುಚ್ಚಿದ ಮೇಲೆ ಆ ಹೃದಯ ಎಲ್ಲರ ಹೃದಯದಂತೆಯೇ. ಓದು, ಆಟ, ಸಂಸಾರ ಯಾವುದಕ್ಕೂ ಅದು ಅಡ್ಡಿಯಲ್ಲ.

ಹೆದರಿಕೆಯೋ, ಓಟವೋ?

ಗುರುತಿಸುವುದು ಹೇಗೆ? ಹೆದರಿಕೆಯಲ್ಲಿ, ಓಡಿದಾಗ, ಜ್ವರ ಬಂದಾಗ ಎದೆಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಕಳ್ಳದಾರಿಯ ಓಟ ಸ್ವಿಚ್ ಹಾಕಿದಂತೆ ಶುರುವಾಗಿ, ಸ್ವಿಚ್ ಆರಿಸಿದಂತೆ ನಿಲ್ಲುತ್ತದೆ. ಅನೇಕ ಸಲ ಸುಮ್ಮನೆ ಕುಳಿತಿರುವಾಗಲೇ ಬರುತ್ತದೆ. ಹೆದರಿಕೆಯಿಂದ ಓಟ ಬಂತೋ, ಓಟದಿಂದ ಹೆದರಿಕೆ ಬಂತೋ ಎಂದು ಮಗುವನ್ನೇ ಕೇಳಿ. ಮಕ್ಕಳು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ. ಹಾಗೆಂದು ಎಲ್ಲ ಎದೆಬಡಿತವೂ ಇದೇ ಅಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಇರಬಹುದು. ತೀರ್ಮಾನ ವೈದ್ಯರದು.

ಓಟ ನಡೆಯುತ್ತಿರುವಾಗಲೇ ಇ.ಸಿ.ಜಿ. ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹತ್ತಿರದಲ್ಲಿ ಯಾವ ಆಸ್ಪತ್ರೆಯಿದ್ದರೂ ಆಗಲೇ ಹೋಗಿ ತೆಗೆಸಿ. ಆ ಕಾಗದವನ್ನು ಜೋಪಾನವಾಗಿಡಿ. ಬೇರೆ ಯಾವುದೇ ಕಾಯಿಲೆಗೆ ಹೋದಾಗಲೂ ವೈದ್ಯರಿಗೆ ತೋರಿಸಿ. ಏಕೆಂದರೆ ಹೃದಯದ ವೇಗ ತಗ್ಗಿಸುವ ಕೆಲವು ಔಷಧಿಗಳು ಡಬ್ಲ್ಯು.ಪಿ.ಡಬ್ಲ್ಯು. ಇರುವವರಿಗೆ ಕೆಲವು ಸಂದರ್ಭಗಳಲ್ಲಿ ಕೆಡುಕು ಮಾಡುತ್ತವೆ.

ಓಟ ನಿಲ್ಲಿಸಲು ಒಂದು ಸರಳ ಉಪಾಯವೂ ಇದೆ. ಒರಗಿ ಕುಳಿತು ಹದಿನೈದು ಸೆಕೆಂಡು ಉಸಿರು ಕಟ್ಟಿ ತಿಣುಕಿ, ಕೂಡಲೇ ಅಂಗಾತ ಮಲಗಿ, ಇನ್ನೊಬ್ಬರು ಕಾಲುಗಳನ್ನು ಹದಿನೈದು ಸೆಕೆಂಡು ಎತ್ತಿಹಿಡಿಯುವುದು. ಇಂಗ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರಿದೇ ತಿಣುಕಿದಾಗ ನೂರರಲ್ಲಿ 17 ಮಂದಿಯ ಓಟ ನಿಂತರೆ, ಹೀಗೆ ಕಾಲೆತ್ತಿದಾಗ 43 ಮಂದಿಯದು ನಿಂತಿತು. ತಿಣುಕಿ ಮಲಗಿದಾಗ ವೇಗಸ್ ನರ ಕೆರಳಿ ಎ.ವಿ. ನೋಡನ್ನು ಕ್ಷಣ ತಡೆಯುತ್ತದೆ. ಮೈನ್ಸ್ ಕಂಡ ಉಂಗುರ ಅಲ್ಲಿ ತುಂಡಾಗುತ್ತದೆ. ವೈದ್ಯರು ಕಲಿಸಿಕೊಟ್ಟ ಮೇಲೆಯೇ ಇದನ್ನು ಮಾಡಬೇಕು. ಎಚ್ಚರ ತಪ್ಪಿದರೆ, ಎದೆನೋವು ಬಂದರೆ, ಆಟವಾಡುವಾಗ ಕುಸಿದುಬಿದ್ದರೆ, ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಉಪಾಯಗಳಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೊನೆಗೊಂದು ಮನೆಗೆಲಸ. ವಿದ್ಯಾರ್ಥಿಗಳೇ, ಈ ಭಾನುವಾರ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಹೆಬ್ಬೆರಳಿಡಬೇಡಿ, ಅದರದೇ ನಾಡಿ ಸಿಕ್ಕಿಬಿಡುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಅಪ್ಪ, ಅಮ್ಮ, ಅಜ್ಜಿ, ತಮ್ಮ, ಎಲ್ಲರದೂ ಬರೆದಿಟ್ಟುಕೊಳ್ಳಿ. ಮೆಟ್ಟಿಲು ಹತ್ತಿ ಇಳಿದು ಮತ್ತೆ ಎಣಿಸಿ. ಎಷ್ಟು ಹೊತ್ತಿಗೆ ಮೊದಲಿನಂತಾಯಿತು ನೋಡಿ. ತಂದೆತಾಯಿಗಳೂ ಜತೆಗೆ ಕುಳಿತು ಕಲಿಯಲಿ. ಯಾವತ್ತಾದರೂ ಮಗು ಎದೆ ಹಿಡಿದುಕೊಂಡು ಬಂದಾಗ, ಸಮಾಧಾನದ ಮಾತಿಗೆ ಮೊದಲು ಕೈ ನಾಡಿಯ ಮೇಲೆ ಹೋಗಲಿ.